ಒಂಬತ್ತನೆಯ ಟೇಪು ಮುಗಿದ ಮೇಲೆ

ಮುಂಬಯಿಯಿಂದ ಆರು ಗಂಟೆ ಹಾರಿ ಜುಲೈನ ಒಂದು ಬೆಳಿಗ್ಗೆ ನೈರೋಬಿಯಲ್ಲಿ ಇಳಿದಾಗ ಚಳಿಗೆ ಹಲ್ಲು ಕಟಕಟಿಸಿದವು. ಆಫ್ರಿಕಾ ಎಂದರೆ ಬಿಸಿಲು ಎಂದುಕೊಂಡು ಸ್ವೆಟರನ್ನು ಮೈಸೂರಿನಲ್ಲೇ ಬಿಟ್ಟುಬಂದ ಜಾಣೆ ನಾನು. ಪೇಟೆಯಿಂದ ಕಿಲೆಲೆಶ್ವಾ ಬಡಾವಣೆಗೆ ಮಟಾಟು ವ್ಯಾನಿನಲ್ಲಿ ಇಪ್ಪತ್ತು ಶಿಲಿಂಗ್. ಧ್ವನಿಮುದ್ರಣದ ಯಂತ್ರವನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡಿದ್ದೆ.

ನಾನು ಹೋದದ್ದು ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿ ಅಲ್ಲೇ ನೆಲೆಸಿದ್ದ ನಿವೃತ್ತ ಭಾಷಾಶಾಸ್ತ್ರ ಉಪನ್ಯಾಸಕ ರಾಯರ ಮನೆಗೆ. ತರುಣರಾಗಿದ್ದಾಗ ಅವರು ಕೆನಡಾದ ಪಶ್ಚಿಮದ ಬೆಟ್ಟಗಳಲ್ಲಿ ಮೂಲನಿವಾಸಿಗಳ ಅಥಬಾಸ್ಕನ್ ಕುಟುಂಬದ ಒಂದು ಭಾಷೆಯನ್ನು, ಅದನ್ನಾಡುತ್ತಿದ್ದ ಕೊನೆಯ ಅಜ್ಜಿಯಿಂದ ಕಲಿತಿದ್ದರು. ಅಜ್ಜಿ ಹೋದಳು, ಭಾಷೆಯೂ ಹೋಯಿತು. ಉಳಿದದ್ದು ಒಂಬತ್ತು ಟೇಪು, ಮತ್ತು ರಾಯರು. ಅವರಿಗೋ ಪಾರ್ಶ್ವವಾಯು ಬಡಿದು ಎಂಟು ತಿಂಗಳಿಂದ ಮಾತೇ ನಿಂತಿತ್ತು. ಟೇಪುಗಳ ಪ್ರತಿ ತೆಗೆದು ಮೈಸೂರಿನ ನಮ್ಮ ಭಾಷಾ ಸಂಸ್ಥೆಯ ಸಂಗ್ರಹಕ್ಕೆ ಒಯ್ಯುವುದು ನನ್ನ ಕೆಲಸ.

ಸುಕುಮಾ ಸೊಪ್ಪಿನ ಹುಳಿ ಬಡಿಸುತ್ತಾ ರಾಯರ ಹೆಂಡತಿ ಸರೋಜಮ್ಮ ಆ ಭಾಷೆಯ ವಿಚಿತ್ರ ಹೇಳಿದರು. ಕೊಡುವುದಕ್ಕೆ ಅಲ್ಲಿ ಒಂದೇ ಕ್ರಿಯಾಪದ ಇಲ್ಲವಂತೆ. ಕಲ್ಲು ಕೊಟ್ಟರೆ ಒಂದು, ಹಗ್ಗ ಕೊಟ್ಟರೆ ಇನ್ನೊಂದು, ಜೀವವಿರುವುದನ್ನು ಕೊಟ್ಟರೆ ಮತ್ತೊಂದು. ಯಾರು, ಯಾರಿಗೆ, ಹೇಗೆ ಎಂಬುದೆಲ್ಲ ಕ್ರಿಯಾಪದದ ತಲೆಗೇ ಅಂಟಿಕೊಳ್ಳುತ್ತದಂತೆ. ನಮ್ಮ ಕನ್ನಡದ ಪದಕ್ಕೆ ಕೊನೆಯಲ್ಲಿ ಬಾಲ ಬೆಳೆದರೆ ಅದಕ್ಕೆ ತಲೆ ಬೆಳೆಯುತ್ತದೆ ಎಂದು ರಾಯರು ನಗುತ್ತಿದ್ದರಂತೆ.

ನಾಲ್ಕು ದಿನ ಟೇಪು ಓಡಿಸಿದೆ. ರಾಯರು ಕೇಳಲೆಂದು ಸ್ಪೀಕರಿಗೂ ಹಾಕಿದ್ದೆ. ಅಜ್ಜಿ ಒಂದು ಮಾತು ಹೇಳಿ ಸುಮ್ಮನಾಗುತ್ತಾಳೆ; ತರುಣ ರಾಯರು ಅದನ್ನು ತಿರುಗಿ ಹೇಳುವವರೆಗೂ ಮುಂದುವರಿಯುವುದಿಲ್ಲ. ಅದು ಅವಳು ಕಲಿಸುವ ಕ್ರಮ.

ಒಂಬತ್ತನೆಯ ಟೇಪು ಮುಗಿದು ಸುರುಳಿ ನಿಂತಿತು. ಅಜ್ಜಿಯ ಧ್ವನಿ ನಿಲ್ಲಲಿಲ್ಲ.

ತಿರುಗಿ ನೋಡಿದರೆ ಮಾತಾಡುತ್ತಿದ್ದವರು ರಾಯರು. ಗಂಟಲಲ್ಲಿ ತಡೆದು ಬಿಡುವ ಅದೇ ಸದ್ದುಗಳು, ಮುದುಕಿಯ ಅದೇ ನಡುಕ. ಯಾವ ಟೇಪಿನಲ್ಲೂ ಇಲ್ಲದ ಉದ್ದನೆಯ ಮಾತು. ಆಮೇಲೆ ಸುಮ್ಮನಾಗಿ ನನ್ನನ್ನೇ ನೋಡಿದರು. ಹೆದರಿಕೆಯಾಯಿತು.

"ಕಾಯ್ತಿದ್ದಾರೆ ಕಣಮ್ಮ," ಎಂದು ಸರೋಜಮ್ಮ ಪಿಸುಗುಟ್ಟಿದರು. "ನೀನು ರಿಪೀಟ್ ಮಾಡ್ಬೇಕು. ಇಲ್ಲಾಂದ್ರೆ ಮುಂದಿಂದು ಹೇಳಲ್ಲ."

ಅಷ್ಟು ಉದ್ದನೆಯದನ್ನು ಹೇಗೆ ಹೇಳಲಿ ಎಂದು ಯಂತ್ರದ ಕಡೆ ನೋಡಿದೆ. ಹೇಗೂ ಯಂತ್ರದಲ್ಲಿ ಇರುತ್ತದಲ್ಲ ಎಂದು ಧೈರ್ಯ ತಂದುಕೊಂಡೆ. ರಾಯರು ಬಹಳ ಹೊತ್ತು ಕಾದು ಮುಖ ತಿರುಗಿಸಿದರು.

ಆಮೇಲೆ ನೋಡಿದರೆ, ಯಂತ್ರಕ್ಕೆ ಟೇಪ್ ರೆಕಾರ್ಡರಿನ ವೈರು ಮಾತ್ರ ಸಿಕ್ಕಿಸಿದ್ದೆ. ಮೈಕು ಪೆಟ್ಟಿಗೆಯಲ್ಲೇ ಇತ್ತು. ಕೋಣೆಯ ಒಂದು ಸದ್ದೂ ಅದರಲ್ಲಿ ಬಿದ್ದಿರಲಿಲ್ಲ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ ಎಂದು ಬೈದುಕೊಂಡೆ. ಉಳಿದ ಎರಡು ದಿನವೂ ಮೈಕು ಹಿಡಿದು ಕೂತೆ; ರಾಯರು ತುಟಿ ಬಿಚ್ಚಲಿಲ್ಲ.

ಹೊರಡುವ ದಿನ ಅವರ ಕುರ್ಚಿಯ ಬಳಿ ಬಗ್ಗಿ, ಅಂದು ಅವರು ಹೇಳಿದ್ದರಲ್ಲಿ ನೆನಪಿನಲ್ಲಿದ್ದ ಮೊದಲ ತುಣುಕನ್ನು ತೊದಲಿದೆ. ಅವರು ಅಲ್ಲ ಎಂದು ತಲೆಯಾಡಿಸಿದರು. ಮತ್ತೆ ಹೇಳಿದೆ. ಮತ್ತೆ ತಲೆಯಾಡಿಸಿದರು. ಕೆಳಗೆ ಟ್ಯಾಕ್ಸಿ ಹಾರ್ನ್ ಹೊಡೆಯಿತು.

ಗೇಟು ದಾಟುವಾಗ ತಿರುಗಿ ನೋಡಿದೆ. ಸರೋಜಮ್ಮ ಅವರನ್ನು ಕಿಟಕಿಗೆ ತಂದು ಕೂರಿಸಿದ್ದರು. ರಾಯರು ನನ್ನ ಬಾಯನ್ನೇ ನೋಡುತ್ತಾ ಇನ್ನೂ ಕಾಯುತ್ತಿದ್ದರು.