ಕಡಲೆಕಾಯಿ ಚಿತ್ರದ ಕಾಸು

ದರ್ಜಿ ಸತ್ತ ಮೇಲೆ ಹೆಂಡತಿಗೆ ಉಳಿದದ್ದು ಒಂದು ಹೊಲಿಗೆ ಯಂತ್ರ, ಒಂದು ಬಿಸ್ಕತ್ತಿನ ಡಬ್ಬಿ. ಯಂತ್ರವನ್ನು ಅಂಗಡಿಯ ಮಾಲೀಕ ತನ್ನದೆಂದು ಎತ್ತಿಕೊಂಡು ಹೋದ. ಡಬ್ಬಿಯನ್ನು ಯಾರೂ ಕೇಳಲಿಲ್ಲ.

ಬಂದರಿನ ಎದುರಿನ ಆ ಅಂಗಡಿಯಲ್ಲಿ ದರ್ಜಿಯ ಕೆಲಸ ಹಡಗಿನವರ ಕೋಟುಗಳಿಗೆ ಹೊಸ ಜೇಬು ಕೂರಿಸುವುದು. ಹರಿದ ಜೇಬಿನಿಂದ ಜಾರಿದ ಪುಡಿ ನಾಣ್ಯಗಳು ಅಸ್ತರಿನೊಳಗೆ ಸೇರಿಕೊಂಡಿರುತ್ತಿದ್ದವು. ವಾಪಸು ಕೊಡಹೋದರೆ ಕೋಟಿನವನು ನಕ್ಕು, ಇಟ್ಟುಕೋ ಎನ್ನುತ್ತಿದ್ದ. ಹಾಗೆ ಬಂದದ್ದು ಮೊದಲ ಬುಟುಟ್. ಆಫ್ರಿಕಾದ ಪಶ್ಚಿಮ ತೀರದ ಗ್ಯಾಂಬಿಯಾ ದೇಶದ ಅತಿ ಸಣ್ಣ ನಾಣ್ಯ, ಮೇಲೆ ಕಡಲೆಕಾಯಿ ಚಿತ್ರ. ಅದರ ಹುಚ್ಚು ಹಿಡಿಯಿತು. ಬೇರೆ ದೇಶದ್ದು ಸಿಕ್ಕರೆ ಯಾರಿಗಾದರೂ ಕೊಟ್ಟುಬಿಡುತ್ತಿದ್ದ. ಆ ದೇಶದ್ದೂ ದೊಡ್ಡದು ಬೇಡ, ಹೊಸದು ಬೇಡ. ಕೈಯಿಂದ ಕೈಗೆ ಹೋಗಿ ಸವೆದು ಕಂದು ತಿರುಗಿದ್ದೇ ಬೇಕು.

“ಕಡಲೆಕಾಯಿ ಅಚ್ಚು ಹಾಕಿದಾರೆ, ಇದಕ್ಕೆ ಒಂದು ಕಡಲೆಕಾಯಾದ್ರೂ ಬರುತ್ತಾ?” ಎಂದು ಅವಳು ಕೆಣಕುತ್ತಿದ್ದಳು.

“ಸಿಪ್ಪೆ ಬರಬಹುದು ಕಣೆ.”

ನಾಣ್ಯ ಕೂಡಿಡುವವರದ್ದೊಂದು ಸಂಘವಿತ್ತು. ಬೆಳ್ಳಿ ಬಂಗಾರದವರ ನಡುವೆ ತಾಮ್ರದವನನ್ನು ಯಾರು ಕೇಳುತ್ತಾರೆ, ಇವನು ಹಿಂದಿನ ಬೆಂಚಿನಲ್ಲೇ ಉಳಿದ. ಸತ್ತ ಮೇಲೆ ಅವನ ಗೆಳೆಯ, ಗಡಿಯಾರ ರಿಪೇರಿಯವನು, ಹಟ ಹಿಡಿದು ಸಂಘದ ಪ್ರದರ್ಶನದಲ್ಲಿ ಒಂದು ಗಾಜಿನ ಪೆಟ್ಟಿಗೆ ಕೊಡಿಸಿದ. ಅದರ ಮೇಲೆ ದರ್ಜಿಯ ಹೆಸರಿನ ಚೀಟಿ ಅಂಟಿಸುವುದೆಂದಾಯಿತು. ಆ ಹೆಸರನ್ನು ಅದುವರೆಗೆ ಎಲ್ಲೂ ಬರೆದಿರಲಿಲ್ಲ. ಅಂಗಡಿಯ ಬೋರ್ಡಿನ ಮೇಲಿದ್ದದ್ದೂ ಮಾಲೀಕನದೇ. ನಾಲ್ಕು ಜನ ಒಂದು ಸಲ ಓದಲಿ ಎಂದು ಅವಳ ಜೀವ ಹೊಡೆದುಕೊಂಡಿತು.

ಡಬ್ಬಿ ತೆರೆದಳು. ಎಲ್ಲವೂ ಮಸಿ ಹಿಡಿದಂತಿದ್ದವು. ನೋಡಿದವರು ಏನಂದಾರು? ಬಾಗಿಲ ಚಿಲಕಕ್ಕೆ ಹಚ್ಚುವ ಪಾಲಿಶು ತಂದು, ಅವನ ಹಳೆಯ ಬನಿಯನ್ ಹರಿದು, ಉಜ್ಜಲು ಕೂತಳು. ಅವನು ಸತ್ತ ದಿನ ಬಾರದ ಅಳು ಆಗ ಬಂತು. ಅಳುತ್ತಲೇ ಉಜ್ಜಿದಳು.

ಗೆಳೆಯ ಬಂದವನು ಡಬ್ಬಿಯಿಂದ ಒಂದು ನಾಣ್ಯ ಎತ್ತಿ ಬೆಳಕಿಗೆ ಹಿಡಿದ.

“ಏನು ಮಾಡಿಬಿಟ್ರಿ ಅತ್ತಿಗೆ.”

“ಯಾಕೆ, ಹೊಳೀತಿಲ್ವಾ?”

“ಹೊಳೀಬಾರದಿತ್ತು. ಆ ಬಣ್ಣ ಬರೋಕೆ ವರ್ಷಗಟ್ಟಲೆ ಬೇಕು. ಎಷ್ಟೋ ಜನ ಮುಟ್ಟಿ ಮುಟ್ಟಿ ಬಂದಿದ್ದು. ಅಣ್ಣ ಬಟ್ಟೇಲೂ ಒರೆಸ್ತಿರಲಿಲ್ಲ.”

“ನನಗ್ಯಾರು ಹೇಳಿದ್ರು?”

ಅವನು ನಾಣ್ಯವನ್ನು ಡಬ್ಬಿಗೆ ಹಾಕಿದ. “ಇರಲಿ ಬಿಡಿ. ಹೀಗೇ ಇಡ್ತೀನಿ.”

“ಇಟ್ರೆ ಏನಂತಾರೆ?”

“ಏನೋ ಅಂತಾರೆ.”

“ನಿಜ ಹೇಳಪ್ಪ.”

“ದರ್ಜಿಗೆ ನಾಣ್ಯದ ಗಂಧಗಾಳಿ ಇರಲಿಲ್ಲ, ಪಾತ್ರೆ ಉಜ್ಜಿದ ಹಾಗೆ ಉಜ್ಜಿದಾನೆ ಅಂತಾರೆ.”

“ಉಜ್ಜಿದ್ದು ಹೆಂಡತಿ ಅಂತ ಕೆಳಗೆ ಬರಿ.”

“ಕೆಳಗಿನದ್ದು ಯಾರು ಓದ್ತಾರೆ ಅತ್ತಿಗೆ? ಅಷ್ಟರಲ್ಲಿ ನಗೋರು ನಕ್ಕಾಗಿರುತ್ತೆ.”

ಅವನು ಬರೆದು ತಂದಿದ್ದ ಚೀಟಿಯನ್ನು ಅವಳು ಕೇಳಿದಳು. ದಪ್ಪ ಕಾಗದ, ದುಂಡು ಅಕ್ಷರ. ಒಂದೊಂದನ್ನೇ ಕೂಡಿಸಿಕೊಂಡು ಓದಿದಳು. ಹೆಸರನ್ನು ಸರಿಯಾಗಿಯೇ ಬರೆದಿದ್ದ.

“ಪೆಟ್ಟಿಗೆ ಬೇರೆ ಯಾರಿಗಾದ್ರೂ ಕೊಡು.”

“ಇನ್ನೊಂದು ಸಲ ಸಿಗಲ್ಲ ಅತ್ತಿಗೆ.”

“ಬೇಡ. ಇಷ್ಟು ದಿನ ಹೆಸರಿಲ್ಲದೆ ಇದ್ದ. ಕೆಟ್ಟ ಹೆಸರಂತೂ ಇರಲಿಲ್ಲ.”

ಗೆಳೆಯ ಬರಿಗೈಲಿ ಮೆಟ್ಟಿಲಿಳಿದ. ಅವಳು ಚೀಟಿಯನ್ನು ವಾಪಸು ಕೊಡಲಿಲ್ಲ. ಅವನೂ ಕೇಳಲಿಲ್ಲ.