ಕಳಚಿಟ್ಟ ನಾಲ್ಕು ಪಟ್ಟಿ

ನಮ್ಮ ಗ್ಯಾರೇಜಿನಲ್ಲಿ ಅವನಿಗೆ ಬಸವನಹುಳು ಎಂದು ಹೆಸರಿಟ್ಟವನು ನಾನೇ. ಹೆಸರಿಡುವುದರಲ್ಲಿ ನನ್ನದು ಎತ್ತಿದ ಕೈ, ಆಮೇಲೆ ನಾಲಿಗೆ ಕಚ್ಚಿಕೊಳ್ಳುವುದರಲ್ಲೂ. ಇಪ್ಪತ್ತೆರಡು ವರ್ಷ ಅವನು ಪಿಕಪ್ಪಿನಲ್ಲಿ ಗಾಜು ಸಾಗಿಸಿದ. ಕಿಟಕಿಗೆ ಹಾಕುವ ಗಾಜು, ಆಳೆತ್ತರದ ಕನ್ನಡಿ, ಅಂಗಡಿ ಮುಂದೆ ನಿಲ್ಲಿಸುವ ದಪ್ಪ ಹಾಳೆಗಳು. ಮರದ ಚೌಕಟ್ಟಿಗೆ ಒರಗಿಸಿ, ನಡುವೆ ಹಳೇ ಕಂಬಳಿ ತುರುಕಿ, ಹಗ್ಗ ಬಿಗಿದು ಹೊರಟನೆಂದರೆ ಹಿಂದೆ ಬರುವ ಗಾಡಿಗಳೆಲ್ಲ ಹಾರ್ನ್ ಹೊಡೆದು ಹೊಡೆದು ಸುಸ್ತಾಗಬೇಕು. ತನ್ನ ಕೈಯಲ್ಲಿ ಒಂದು ಗಾಜೂ ಒಡೆದಿಲ್ಲ ಎಂದು ಅವನು ಹೇಳಿಕೊಂಡವನಲ್ಲ. ಗಾಜಿನಂಗಡಿಯವರೇ ಹೇಳುತ್ತಿದ್ದರು.

ನನ್ನ ಗ್ಯಾರೇಜಿನ ಗೇಟಿನೆದುರು ಒಂದು ಗುಂಡಿಯಿತ್ತು. ಎಲ್ಲರೂ ಧಡಕ್ಕೆಂದು ಹಾರಿಸಿಕೊಂಡು ಬರುವವರೇ. ಇವನು ಮಾತ್ರ ಗಾಡಿ ನಿಲ್ಲಿಸಿ, ಒಂದು ಚಕ್ರ ಇಳಿಸಿ, ಅದನ್ನು ಹತ್ತಿಸಿ, ಆಮೇಲೆ ಇನ್ನೊಂದನ್ನು ಇಳಿಸುತ್ತಿದ್ದ. ಅದನ್ನು ನೋಡಿ ನಾವೆಲ್ಲ ನಗುತ್ತಿದ್ದೆವು.

ಅಂಥವನು ಒಂದು ದಿನ ಬಂದು, ಗಾಡಿ ಬೇಗ ಓಡುವ ಹಾಗೆ ಏನಾದರೂ ಮಾಡಬಹುದೇ ಎಂದು ಕೇಳಿದಾಗ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟೆ. ಬಸವನಹುಳುವಿಗೆ ರೆಕ್ಕೆ ಬೇಕಂತೆ ಎಂದು ಎಲ್ಲರಿಗೂ ಕೇಳುವ ಹಾಗೆ ಕೂಗಿದೆ. ಅವನೂ ನಕ್ಕ. ನಗು ಮುಗಿದ ಮೇಲೆ ವಿಷಯ ಹೇಳಿದ.

ಅವನ ಹೆಂಡತಿಗೆ ಬೆನ್ನುಮೂಳೆಯ ಕಾಯಿಲೆ, ಕೆಟ್ಟ ಕಾಯಿಲೆ. ವಾರಕ್ಕೆರಡು ಸಲ ಬೆಟ್ಟದಾಚೆಯ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಪ್ರತಿ ಸಲ ಬಾಡಿಗೆ ಕಾರು ಮಾಡುವುದು ಅವನ ಕೈಗೆಟುಕುವ ಮಾತಲ್ಲ, ಹಾಗಾಗಿ ಪಿಕಪ್ಪಿನಲ್ಲೇ ಪಯಣ. ನೋವಿಗೆ ಕೊಟ್ಟ ಮಾತ್ರೆ ಕೆಲಸ ಮಾಡುವುದು ಎರಡು ಗಂಟೆ. ಹಳೇ ಇಂಜಿನ್ ಏರು ಹತ್ತಿ ಆಸ್ಪತ್ರೆ ಮುಟ್ಟಲು ಎರಡೂವರೆ ಗಂಟೆ. ಆ ಕೊನೆಯ ಅರ್ಧ ಗಂಟೆ ಅವಳು ಎದುರಿನ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ತುಟಿ ಕಚ್ಚಿ ಕೂರುತ್ತಾಳೆ ಎಂದ. ಹೇಳುವಾಗ ಅವನೂ ತನ್ನ ಕೈಗಳನ್ನು ಹಾಗೇ ಬಿಗಿಹಿಡಿದಿದ್ದ.

ಜೇಬಿನಿಂದ ಒಂದು ಚೀಟಿ ತೆಗೆದ. ಅಕ್ಷರ ಹೆಂಡತಿಯದು. ಅವನ ಬಿಲ್ಲುಗಳನ್ನೆಲ್ಲ ಬರೆಯುತ್ತಿದ್ದವಳು ಅವಳೇ. ಮೊದಲನೆಯದು, ಗಾಡಿ ಹಿಂದುಗಡೆ ಕುಣಿಯುವುದು ಕಡಿಮೆಯಾಗಬೇಕು. ಎರಡನೆಯದು, ಸೀಟು. ಕೊಟ್ಟಕೊನೆಗೆ, ಸಾಧ್ಯವಾದರೆ ಇಂಜಿನ್. ಅವನ ಹತ್ತಿರ ಇದ್ದ ದುಡ್ಡಿಗೆ ಮೂರೂ ಆಗುತ್ತಿರಲಿಲ್ಲ. ಒಳ್ಳೆಯ ಶಾಕ್ ಅಬ್ಸಾರ್ಬರ್ ಮತ್ತು ಸೀಟು ಹಾಕಿಸಿದರೆ ಇಂಜಿನ್ ಇಲ್ಲ, ಎಳೆತ ಹೆಚ್ಚಿಸುವ ಟರ್ಬೊ ಕೂರಿಸಿ ಡೀಸೆಲ್ ಪಂಪ್ ರಿಪೇರಿ ಮಾಡಿಸಿದರೆ ಮಿಕ್ಕ ಎರಡೂ ಇಲ್ಲ.

ನಾನು ಆ ಚೀಟಿಯನ್ನು ಸರಿಯಾಗಿ ಓದಲೂ ಇಲ್ಲ. ನಲವತ್ತು ವರ್ಷ ಇಂಜಿನ್ನಿನೊಳಗೆ ತಲೆ ತೂರಿಸಿದವನು ನಾನು, ನನಗೆ ಹೇಳಿಕೊಡಲು ಬಂದಳಲ್ಲ ಎಂಬ ಅಹಂಕಾರ.

"ಇದು ಪಿಕಪ್ ಕಣಯ್ಯ, ತೊಟ್ಟಿಲಲ್ಲ. ಕುಣಿಯೋದು ಅದರ ಹುಟ್ಟುಗುಣ. ಎಳೆತ ಕೊಡ್ತೀನಿ, ಅರ್ಧ ಗಂಟೆ ಉಳಿಸ್ಕೊಡ್ತೀನಿ. ಮಾತ್ರೆ ಇಳಿಯೋದ್ರೊಳಗೆ ಆಸ್ಪತ್ರೇಲಿರ್ತೀರಿ," ಎಂದೆ.

"ಅವಳನ್ನ ಒಂದ್ಮಾತು ಕೇಳ್ಲಾ ಮೇಸ್ತ್ರಿ?" ಎಂದ.

ಟರ್ಬೊ ವಿಷಯ ಮನೆಯವಳನ್ನು ಕೇಳುವವನನ್ನು ಇವತ್ತೇ ನೋಡಿದ್ದು ಎಂದು ನಾನು ಗಹಗಹಿಸಿ ನಕ್ಕೆ. ಅವನು ನಾಚಿಕೊಂಡು ಚೀಟಿಯನ್ನು ಮಡಚಿ ಜೇಬಿಗಿಟ್ಟ. ಕೇಳಲಿಲ್ಲ.

ಕೆಲಸ ಮಾತ್ರ ಮನಸಿಟ್ಟು ಮಾಡಿದೆ, ಅದರಲ್ಲಿ ಸುಳ್ಳಿಲ್ಲ. ಹಳೇ ಗಾಡಿಯಿಂದ ತೆಗೆದ ಟರ್ಬೊ ಹುಡುಕಿ ತಂದೆ, ಮೂರು ದಿನ ಊಟ ತಿಂಡಿ ಮರೆತು ಅದರ ಹಿಂದೆ ಬಿದ್ದೆ. ಏರಿನಲ್ಲಿ ಓಡಿಸಿ ನೋಡಿದಾಗ ಗಾಡಿ ಹೊಸ ಜೀವ ಬಂದ ಹಾಗೆ ಎಳೆಯಿತು. ಅವನ ಕಣ್ಣು ತುಂಬಿ ಬಂತು. ನನಗೂ ಒಂಥರಾ ಹೆಮ್ಮೆ.

ಮೂರು ವಾರದ ಮೇಲೆ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ರೇಡಿಯೇಟರಿಗೆ ನೀರು ಹಾಕಿಸಲು ಬಂದರು. ಅವಳನ್ನು ನಾನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಬೆನ್ನಿಗೊಂದು, ಸೊಂಟಕ್ಕೊಂದು ದಿಂಬು ಇಟ್ಟುಕೊಂಡು, ಹಿಡಿಕೆ ಹಿಡಿದು ಕೂತಿದ್ದಳು. ಇನ್ನೂ ಹೊರಟು ಹತ್ತು ನಿಮಿಷವಾಗಿತ್ತಷ್ಟೇ, ಆಗಲೇ ಹಣೆಯೆಲ್ಲ ಬೆವರು. ನನ್ನ ಬಾಯಿ ಸುಮ್ಮನಿರಬೇಕಲ್ಲ, ಹೇಗಮ್ಮ, ಹಾರುತ್ತೆ ತಾನೇ ಗಾಡಿ ಎಂದು ಕೇಳಿದೆ. ಚೆನ್ನಾಗಿ ಮಾಡಿದ್ದೀರಿ, ಈಗ ಬೇಗ ತಲುಪುತ್ತೇವೆ ಎಂದಳು. ಗಂಡ ನೀರಿನ ಕ್ಯಾನ್ ಹಿಡಿದು ನಲ್ಲಿಯ ಕಡೆ ಹೋದ. ಅವನು ದೂರ ಹೋಗುವ ತನಕ ಕಾದು ನನ್ನನ್ನು ಕರೆದಳು.

"ಅಣ್ಣಾ, ಅವರಿಗೆ ಹೇಳ್ಬೇಡಿ. ಮೊದ್ಲು ಕೊನೇ ಅರ್ಧ ಗಂಟೆ ಮಾತ್ರ ನೋವಿತ್ತು. ಈಗ ಹೊರಟಾಗಿಂದ್ಲೇ. ಜೋರಾಗಿ ಹೋದ್ರೆ ಒಂದೊಂದು ಗುಂಡೀನೂ ಬೆನ್ನಿಗೇ ಬಡಿಯುತ್ತೆ, ಮಾತ್ರೆ ಏನೂ ಮಾಡಲ್ಲ."

ನಾನು ಹಿಡಿಕೆ ಹಿಡಿದಿದ್ದ ಅವಳ ಕೈಗಳನ್ನು ನೋಡಿದೆ. ಅವಳೇ ಮುಂದುವರಿಸಿದಳು.

"ಮೊದ್ಲೆಲ್ಲ ದಾರಿಯುದ್ದಕ್ಕೂ ಮಾತಾಡ್ಕೊಂಡು ಓಡಿಸ್ತಿದ್ರು. ಈಗ ಗಡಿಯಾರ ನೋಡ್ಕೊಂಡು ಓಡಿಸ್ತಾರೆ. ಅಷ್ಟು ಆಸೆಯಿಂದ ಮಾಡಿಸಿದಾರೆ ಪಾಪ, ನಾನು ಹೇಗೆ ಹೇಳ್ಲಿ?"

ಅವನು ಕ್ಯಾನ್ ಹಿಡಿದು ಬಂದ. ಅವಳು ಮುಖದ ಬೆವರು ಒರೆಸಿಕೊಂಡು ನಕ್ಕಳು. ಗುಂಡಿಯ ಹತ್ತಿರ ಅವನು ಎಂದಿನಂತೆ ನಿಂತು ಒಂದೊಂದೇ ಚಕ್ರ ಇಳಿಸಿದ. ಅಷ್ಟಾದರೂ ಅವಳ ತಲೆ ಹಿಂದಕ್ಕೆ ವಾಲಿದ್ದು ನನಗೆ ಕಾಣಿಸಿತು. ಆಮೇಲೆ ರಸ್ತೆಗೆ ಬಿದ್ದವನೇ ನಾನು ಕೊಟ್ಟ ಎಳೆತದಲ್ಲಿ ರಭಸವಾಗಿ ಹೋದ. ಅವತ್ತು ಇಡೀ ದಿನ ನಾನು ಎಲ್ಲರ ಮೇಲೂ ರೇಗಾಡಿದೆ. ರೇಗಬೇಕಾಗಿದ್ದದ್ದು ನನ್ನ ಮೇಲೆ.

ಶಾಕ್ ಅಬ್ಸಾರ್ಬರಿಗೆ ಅವನ ಹತ್ತಿರ ದುಡ್ಡಿರಲಿಲ್ಲ, ಆ ತಿಂಗಳು ನನ್ನ ಹತ್ತಿರವೂ ಇರಲಿಲ್ಲ. ಪುಕ್ಕಟೆ ಮಾಡಬಹುದಾದದ್ದು ಒಂದೇ. ಪಿಕಪ್ಪಿನ ಹಿಂದಿನ ಚಕ್ರಗಳ ಮೇಲೆ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಬಿಗಿದಿರುತ್ತಾರೆ. ಭಾರ ಹೊರಲೆಂದೇ ಅಷ್ಟು ಗಟ್ಟಿ, ಅದಕ್ಕೇ ಖಾಲಿ ಗಾಡಿ ಅಷ್ಟು ಕುಣಿಯುವುದು. ಕೆಲವನ್ನು ತೆಗೆದರೆ ಗಾಡಿ ಮೆತ್ತಗಾಗುತ್ತದೆ, ಆದರೆ ಭಾರ ಹೊರುವ ಶಕ್ತಿಯೂ ಹೋಗುತ್ತದೆ. ಇಂಜಿನ್ ಕೆಲಸ ಮಾಡಿದ ಮೇಲೆ ಪಟ್ಟಿ ಸಡಿಲಿಸುವುದು ವಾಡಿಕೆ ಎಂದು ಸುಳ್ಳು ಹೇಳಿ ಅವನನ್ನು ಕರೆಸಿದೆ. ಎರಡೂ ಕಡೆಯಿಂದ ಎರಡೆರಡು ಕಳಚಿದೆ. ಅವನು ನೆಲದ ಮೇಲಿದ್ದ ಆ ನಾಲ್ಕು ಪಟ್ಟಿಗಳನ್ನು ನೋಡುತ್ತಾ ನಿಂತ. ಲೋಡ್ ಎಷ್ಟು ಹಾಕಬಹುದು ಎಂದು ಕೇಳಿದ. ಅರ್ಧ ಎಂದೆ. ಅವಸರ ಮಾಡಬೇಡ, ಈ ಪಟ್ಟಿಗೆ ಜೋರು ಒಗ್ಗುವುದಿಲ್ಲ ಎಂದೂ ಸೇರಿಸಿದೆ. ಅರ್ಧ ಲೋಡಿನಲ್ಲಿ ಅವನ ಸಂಪಾದನೆಯೂ ಅರ್ಧವಾಗುತ್ತಿತ್ತು. ಆದರೂ ಆಗಲಿ ಎಂದು ತಲೆಯಾಡಿಸಿದ.

ಪಟ್ಟಿಗಳಿಗೆ ಎಣ್ಣೆ ಸವರಿ, ಸೀಮೆಸುಣ್ಣದಲ್ಲಿ ಬಸವನಹುಳು ಎಂದು ಬರೆದು ಗೋಡೆಗೆ ಒರಗಿಸಿದೆ. ಒಂದು ದಿನ ಬಂದು ಇದನ್ನು ಮತ್ತೆ ಹಾಕಿ ಎಂದು ಅವನು ಕೇಳುತ್ತಾನೆ ಎಂದು ನನಗೆ ಗೊತ್ತಿತ್ತು. ಆ ದಿನ ಬೇಗ ಬರದಿರಲಿ ಎಂದು ಬೆಳಿಗ್ಗೆ ಬಾಗಿಲು ತೆಗೆದಾಗಲೆಲ್ಲ ಅವನ್ನು ನೋಡುತ್ತಿದ್ದೆ.

ನಾಲ್ಕು ತಿಂಗಳು ಬರಲಿಲ್ಲ. ಐದನೆಯ ತಿಂಗಳು ಬಂದ. ಗೇಟಿನ ಹತ್ತಿರ ಗಾಡಿ ಕಂಡಾಗಲೇ ಪಕ್ಕದ ಸೀಟು ನೋಡಿದೆ. ದಿಂಬುಗಳಿರಲಿಲ್ಲ. ಗಾಜು ಎತ್ತುವ ರಬ್ಬರ್ ಹಿಡಿಕೆಗಳ ಡಬ್ಬಿಯಿತ್ತು.

"ಪಟ್ಟಿ ಹಾಕ್ಬಿಡಿ ಮೇಸ್ತ್ರಿ. ಇನ್ನು ಪೂರ್ತಿ ಲೋಡ್ ಹಾಕ್ಬಹುದು," ಎಂದ.

ನಾನು ಜಾಕ್ ಹಾಕಿ ಗಾಡಿ ಎತ್ತಿದೆ. ಅವನು ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಬೋಲ್ಟುಗಳನ್ನು ಒಂದೊಂದಾಗಿ ಕೈಗೆ ಕೊಡುತ್ತಾ ಹೋದ. ಮೂರನೆಯ ಪಟ್ಟಿ ಕೂರಿಸುವಾಗ ತಾನೇ ಮಾತಾಡಿದ.

"ನೀವು ಯಾಕೆ ಪಟ್ಟಿ ತೆಗೆದ್ರಿ ಅಂತ ನಂಗೆ ಅವತ್ತೇ ಗೊತ್ತಾಗಿತ್ತು. ನಂಗೆ ಗೊತ್ತಾಗಿದೆ ಅನ್ನೋದು ಅವಳಿಗೆ ತಿಳಿಯೋದು ಬೇಡ ಅಂತ ಸುಮ್ನಿದ್ದೆ. ಹೋದ ವಾರ ಏರು ಹತ್ತೋಕೆ ಮುಂಚೆ ನಿದ್ದೆ ಹೋದ್ಲು. ಇಷ್ಟು ದಿನದಲ್ಲಿ ಗಾಡೀಲಿ ಒಂದ್ಸಲಾನೂ ನಿದ್ದೆ ಮಾಡಿರ್ಲಿಲ್ಲ. ಎಚ್ಚರ ಆಗ್ಬಾರ್ದು ಅಂತ ಗಾಜು ಹಾಕ್ಕೊಂಡ ಹಾಗೆ ನಿಧಾನಕ್ಕೆ ಹೋದೆ. ಎಷ್ಟು ಖುಷಿಯಾಗಿತ್ತು ಗೊತ್ತಾ ನಂಗೆ."

ಆಸ್ಪತ್ರೆಯ ಬಾಗಿಲಲ್ಲಿ ಇಂಜಿನ್ ಆಫ್ ಮಾಡಿ, ಇನ್ನೈದು ನಿಮಿಷ ಮಲಗಲಿ ಎಂದು ಕಾದನಂತೆ. ಆಮೇಲೆ ಎಬ್ಬಿಸಲು ಕೈ ಮುಟ್ಟಿದರೆ ತಣ್ಣಗಿತ್ತಂತೆ. ದಾರಿಯಲ್ಲಿ ಯಾವಾಗ ಹೋದಳೋ ಅವನಿಗೆ ತಿಳಿಯಲೇ ಇಲ್ಲ.

ನಾನು ಗಾಡಿಯ ಕೆಳಗೇ ಇದ್ದೆ. ಒಳ್ಳೆಯದಾಯಿತು, ಅವನಿಗೆ ನನ್ನ ಮುಖ ಕಾಣಲಿಲ್ಲ. ಗಾಡಿ ಮೊದಲಿನಂತೆ ಕುಣಿಯುತ್ತಿದ್ದರೆ ಅವಳಿಗೆ ಎಚ್ಚರವಾಗುತ್ತಿಲ್ಲವೆಂದು ಅವನಿಗೆ ಗೊತ್ತಾಗುತ್ತಿತ್ತೇನೋ. ಎಳೆತವಂತೂ ಇತ್ತು, ಬೇಗ ತಲುಪಿಸಬಹುದಿತ್ತೇನೋ. ಅವನು ಇದನ್ನೆಲ್ಲ ಕೇಳಲೇ ಇಲ್ಲ. ನಾನು ಮಾತ್ರ ಇಂದಿಗೂ ಕೇಳಿಕೊಳ್ಳುತ್ತಿದ್ದೇನೆ.

ಕೂಲಿ ಬೇಡವೆಂದರೂ ಕೊಟ್ಟ. ಸ್ಟಾರ್ಟ್ ಮಾಡಿ ಗೇಟಿನವರೆಗೆ ಹೋದ. ಗುಂಡಿಯ ಮುಂದೆ ನಿಲ್ಲಿಸಿದ. ಒಂದು ಚಕ್ರ ಇಳಿಸಿದ, ಅದನ್ನು ಹತ್ತಿಸಿ ಇನ್ನೊಂದನ್ನು ಇಳಿಸಿದ. ಹಿಂದೆ ಗಾಜಿರಲಿಲ್ಲ, ಪಕ್ಕದಲ್ಲಿ ಅವಳಿರಲಿಲ್ಲ. ನಾವು ಯಾರೂ ನಗಲಿಲ್ಲ.

ಮಾರನೆಯ ಬೆಳಿಗ್ಗೆ ಎರಡು ಬುಟ್ಟಿ ಜಲ್ಲಿ, ಒಂದು ಬುಟ್ಟಿ ಸಿಮೆಂಟ್ ತರಿಸಿ ಆ ಗುಂಡಿಯನ್ನು ನಾನೇ ಮುಚ್ಚಿದೆ. ಅರ್ಧ ಗಂಟೆಯ ಕೆಲಸ. ಅವಳು ಬಂದ ದಿನವೇ ಮುಚ್ಚಬಹುದಿತ್ತು.