ಸಾಸಿವೆ ನಿಲ್ಲದ ಗುಡ್ಡ

ಬೆಡೋಕ್‌ನ ಈ ವರ್ಕ್‌ಶಾಪ್ ಬ್ಲಾಕಿಗೆ ಇನ್ನೂ ಯಾರೂ ಬಂದಿಲ್ಲ. ಹೊರಗೆ ಈಗಷ್ಟೇ ಬೆಳಕು ಹರಿಯುತ್ತಿದೆ. ಮೂರನೇ ಮಹಡಿಯಲ್ಲಿ ಒಂದೇ ಒಂದು ಶಟರ್ ಅರ್ಧ ಮೇಲಕ್ಕೆದ್ದಿದೆ, ಒಳಗಿನಿಂದ ಏನನ್ನೋ ಕೆರೆಯುವ ಸದ್ದು ಬರುತ್ತಿದೆ. ರೋಹಿಣಿ ಸಣ್ಣ ಉಳಿ ಹಿಡಿದು ಒಂದು ಗುಡ್ಡದ ನೆತ್ತಿಯನ್ನು ಕೆರೆಯುತ್ತಿದ್ದಾರೆ. ಆ ಗುಡ್ಡ ಅವರೇ ಮಾಡಿದ್ದು. ನಿನ್ನೆ ಬೆಳಿಗ್ಗೆಯಷ್ಟೇ ಹಸಿರು ಬಣ್ಣ ಹಚ್ಚಿ ಮುಗಿಸಿದ್ದರು. ಶುಕ್ರವಾರ ಅದು ನಗರದ ನಡುವಿನ ರಾಫೆಲ್ಸ್ ಪ್ಲೇಸ್‌ನ ಒಂದು ಕಚೇರಿ ಕಟ್ಟಡದ ಲಾಬಿಯಲ್ಲಿ ಪ್ರದರ್ಶನಕ್ಕೆ ಇರಬೇಕು. ಇವತ್ತು ಬುಧವಾರ.

"ಇದನ್ನ ಮುಟ್ಟಬೇಡಿ ಅಂತ ಹೇಳಿದಾರೆ," ಎನ್ನುತ್ತಾರೆ, ಕೈ ನಿಲ್ಲಿಸದೆ. "ಅದಕ್ಕೇ ಬೇಗ ಬಂದೆ."

ರೋಹಿಣಿ ಮಾಡುವುದು ನೆಲದ ಮಾದರಿಗಳನ್ನು. ಗುಡ್ಡ, ಕಣಿವೆ, ನದಿಗಳನ್ನು ಮೇಜಿನ ಮೇಲೆ ಕೂರುವಷ್ಟು ಚಿಕ್ಕದಾಗಿ ಕಟ್ಟುತ್ತಾರೆ. ನಕಾಶೆಯ ಒಂದೊಂದು ಎತ್ತರಕ್ಕೆ ಒಂದೊಂದು ಫೋಮ್ ಹಾಳೆ ಕತ್ತರಿಸಿ, ಒಂದರ ಮೇಲೊಂದು ಅಂಟಿಸಿ, ಮೇಲೆ ಪ್ಲಾಸ್ಟರ್ ಬಳಿದು ನಯಮಾಡುತ್ತಾರೆ. ನಗರದ ಎಷ್ಟೋ ಪ್ರದರ್ಶನಗಳಲ್ಲಿ ಜನ ಬಗ್ಗಿ ನೋಡಿರುವ ಬೆಟ್ಟಗಳು ಇವರ ಕೈಯಿಂದ ಬಂದವು. ಕೆಳಗಿನ ಫಲಕದಲ್ಲಿ ಕಂಪನಿಯ ಹೆಸರು ಇರುತ್ತದೆ, ಇವರದಿರುವುದಿಲ್ಲ.

ಈ ಸಲದ ಮಾದರಿ ಬೋರ್ನಿಯೋದ ಒಂದು ನದಿಯದು. ಪ್ರದರ್ಶನ ತೆರೆಯುವವರೆಗೆ ಯಾವ ನದಿ ಎಂದು ಬರೆಯಬೇಡಿ ಎಂದು ಕಂಪನಿ ಕೇಳಿಕೊಂಡಿದೆ. ಈ ಇತಿಹಾಸ ನನಗೂ ಹೊಸದು. ಫಲಕಗಳ ಕರಡು ಓದಿ, ರೋಹಿಣಿಯವರನ್ನು ಎರಡೆರಡು ಸಲ ಕೇಳಿ, ಅರ್ಥವಾದಷ್ಟನ್ನು ಬರೆಯುತ್ತಿದ್ದೇನೆ. ಒಂದೂವರೆ ಶತಮಾನದ ಹಿಂದೆ, ಚೀನಾದಿಂದ ಬಂದ ಚಿನ್ನದ ಗಣಿಗಾರರು ನದಿಯ ಮೇಲ್ಭಾಗದ ಕಾಡಿನಲ್ಲಿ ನೆಲೆ ನಿಂತರು. ಆಳುವವರ ಕೋಟೆ ಇದ್ದದ್ದು ನದಿಯ ಕೆಳಭಾಗದಲ್ಲಿ. ಅಕ್ಕಿ, ಉಪ್ಪು ಕೋಟೆಯ ಮುಂದೆಯೇ ದೋಣಿಯಲ್ಲಿ ಮೇಲೆ ಬರಬೇಕು, ಚಿನ್ನ ಕೋಟೆಯ ಮುಂದೆಯೇ ಕೆಳಗೆ ಹೋಗಬೇಕು. ಸುಂಕ ಏರುತ್ತಾ ಹೋಯಿತು. ಒಂದು ದಿನ ಗಣಿಗಾರರು ದೋಣಿ ತುಂಬಿಕೊಂಡು ನದಿಯಲ್ಲಿ ಇಳಿದು ಕೋಟೆಯ ಮೇಲೆಯೇ ಬಿದ್ದರು. ಗೆದ್ದದ್ದು ಕೆಲವೇ ದಿನ. ಆಮೇಲೆ ಅದೇ ನದಿಯಲ್ಲಿ ಆಳುವವರ ಫಿರಂಗಿ ಹೊತ್ತ ಹಡಗು ಮೇಲೆ ಬಂತು.

"ಅವರ ಬೆನ್ನ ಹಿಂದೆ ಇದ್ದದ್ದು ಇದು ನೋಡ್ರಿ," ಎಂದು ರೋಹಿಣಿ ಕೆರೆಯುತ್ತಿರುವ ಗುಡ್ಡಸಾಲಿನ ಮೇಲೆ ಬೆರಳಾಡಿಸುತ್ತಾರೆ. "ಗೋಡೆ ಇದ್ದಂಗೆ."

ಆ ಗೋಡೆಯಲ್ಲಿ ಒಂದು ಹಾಳೆ ಕಮ್ಮಿಯಾಗಿದೆ.

ಅದು ಗೊತ್ತಾಗಿದ್ದು ಸಾಸಿವೆಯಿಂದ. ಮಾದರಿ ಮುಗಿದಾಗ ರೋಹಿಣಿ ಒಂದು ಮುಷ್ಟಿ ಸಾಸಿವೆಯನ್ನು ಗುಡ್ಡದ ನೆತ್ತಿಯುದ್ದಕ್ಕೂ ಸುರಿಯುತ್ತಾರೆ. ಕಾಳು ಎರಡೂ ಕಡೆ ಉರುಳಿ ಹಳ್ಳಗಳಿಗೆ ಇಳಿಯಬೇಕು, ಮಳೆನೀರು ಇಳಿದ ಹಾಗೆ. ಬಣ್ಣಕ್ಕೆ ಮುಂಚೆ ಮಾಡಬೇಕಾದ ಕೆಲಸ ಇದು. ಈ ಸಲ ಅವಸರದಲ್ಲಿ ಬಿಟ್ಟು, ಬಣ್ಣ ಒಣಗಿದ ಮೇಲೆ ಸುರಿದರು. ನೆತ್ತಿಯ ನಡುವೆ ಒಂದು ಕಡೆ ಕಾಳು ಉರುಳಲೇ ಇಲ್ಲ. ಗುಂಪಾಗಿ ನಿಂತುಬಿಟ್ಟಿತು.

"ಸಾಸಿವಿ ನಿಂತಲ್ಲಿ ಮನುಷ್ಯನೂ ನಿಲ್ತಾನೆ. ನಿಂತವನು ಆಚೆ ಕಡೆ ಇಳೀತಾನೆ. ಅಂದ್ರೆ ನಾನು ಇಲ್ಲದ ಕಣಿವೆದಾರಿ ಮಾಡಿಟ್ಟಿದ್ದೆ."

ಕಳೆದುಹೋದ ಹಾಳೆ ಸಿಕ್ಕಿದ್ದು ಇದೇ ಮೇಜಿನ ಕಾಲಡಿಯಲ್ಲಿ. ಮೇಜು ಅಲುಗಾಡುತ್ತಿತ್ತೆಂದು, ಕತ್ತರಿಸಿ ಉಳಿದ ಚೂರು ಎಂದುಕೊಂಡು, ರೋಹಿಣಿಯವರೇ ಅದನ್ನು ಮಡಚಿ ಸಿಕ್ಕಿಸಿದ್ದರು. "ಬೇರೆ ಯಾರನ್ನ ಬೈಯಲಿ?" ಎಂದು ನಗುತ್ತಾರೆ.

ತಪ್ಪನ್ನು ಅವರು ನಿನ್ನೆಯೇ ಮ್ಯಾನೇಜರ್‌ಗೆ ಹೇಳಿದ್ದಾರೆ. ತೊಂದರೆ ಎಂದರೆ, ಮಾದರಿಯನ್ನು ಮುಚ್ಚುವ ಪಾರದರ್ಶಕ ಅಕ್ರಿಲಿಕ್ ಪೆಟ್ಟಿಗೆ, ಈ ಕಮ್ಮಿ ಎತ್ತರದ ಅಳತೆಗೇ, ಆಗಲೇ ತಯಾರಾಗಿ ಬಂದಿದೆ. ಹಾಳೆ ಸೇರಿಸಿದರೆ ಗುಡ್ಡ ಪೆಟ್ಟಿಗೆಯ ಮುಚ್ಚಳಕ್ಕೆ ತಾಗುತ್ತದೆ. ಹೊಸ ಪೆಟ್ಟಿಗೆಗೆ ಒಂದು ವಾರ ಬೇಕು. ಹೀಗೇ ಇರಲಿ ಎಂದು ಆಫೀಸು ತೀರ್ಮಾನಿಸಿದೆ. ರೋಹಿಣಿಯವರ ಕೆಲಸದ ಒಪ್ಪಂದ ಮುಂದಿನ ತಿಂಗಳು ಮುಗಿಯುತ್ತದೆ. ಮುಂದುವರಿಸುವುದು ಬಿಡುವುದು ಅದೇ ಆಫೀಸಿನ ಕೈಯಲ್ಲಿದೆ. ಇದು ಗೊತ್ತಿದ್ದೇ ಅವರು ಉಳಿ ಹಿಡಿದಿದ್ದಾರೆ.

ಗದಗ ಬೆಟಗೇರಿಯ ಹುಡುಗಿ ಇವರು. ಐಟಿಐನಲ್ಲಿ ನಕಾಶೆ ಬರೆಯುವುದನ್ನು ಕಲಿತವರು. ಗಂಡ ಶಿವಯೋಗೀಶ ಇಲ್ಲಿನ ಹಡಗುಕಟ್ಟೆಯಲ್ಲಿ ವೆಲ್ಡರ್. ಅವರ ಬೆನ್ನಿಗೆ ಪೆಟ್ಟಾಗಿ ಮನೆಯಲ್ಲಿ ಕೂತಾಗ ರೋಹಿಣಿ ಇದೇ ವರ್ಕ್‌ಶಾಪಿಗೆ ಕಸ ಗುಡಿಸಲು ಬಂದರು. ಹಾಳೆ ಕತ್ತರಿಸುವವನು ಹೇಳದೆ ಕೇಳದೆ ಕೆಲಸ ಬಿಟ್ಟ ವಾರ, ಪೊರಕೆ ಪಕ್ಕಕ್ಕಿಟ್ಟು, "ನಾ ಮಾಡ್ತೀನಿ" ಅಂದರು. ಆಮೇಲೆ ಪೊರಕೆಯನ್ನು ಬೇರೆಯವರು ಹಿಡಿದರು. ಈಗಲೂ ಮನೆ ಇರುವ ಹೌಗಾಂಗ್‌ನಿಂದ ಮೊದಲ ಬಸ್ಸಿಗೇ ಬರುತ್ತಾರೆ. ಎಡಗೈ ಬೆರಳುಗಳ ತುಂಬಾ ಕತ್ತಿ ತಾಗಿದ ಬಿಳಿ ಗೆರೆಗಳಿವೆ. ಪ್ಲಾಸ್ಟರ್ ಪುಡಿಗೆ ಬಂದ ಕೆಮ್ಮು ಹೋಗಿಲ್ಲ.

ಎಂಟಾಗುತ್ತಿದ್ದಂತೆ ಮ್ಯಾನೇಜರ್ ಸಿದ್ಧಾಂತ್ ಶಟರ್ ಕೆಳಗೆ ಬಗ್ಗಿ ಒಳಗೆ ಬರುತ್ತಾರೆ. ಇಲ್ಲೇ ಬೆಳೆದ ಕನ್ನಡದ ಮನೆಯವರು, ಮಾತಿನ ಕೊನೆಗೆ ಇಲ್ಲಿಯವರ 'ಲಾ' ಸೇರಿಕೊಳ್ಳುತ್ತದೆ. ಅವರನ್ನು ಚಿಕ್ಕಂದಿನಿಂದ ನೋಡಿದ ರೋಹಿಣಿ ಇನ್ನೂ ಏಕವಚನ ಬಿಟ್ಟಿಲ್ಲ. ಕೆರೆದ ಗುಡ್ಡ ನೋಡಿ ಸಿದ್ಧಾಂತ್ ಕೈಯಲ್ಲಿದ್ದ ಕಾಫಿ ಅಲ್ಲೇ ನಿಲ್ಲುತ್ತದೆ.

"ಆಂಟಿ, ನಿನ್ನೆ ಡಿಸೈಡ್ ಆಗಿತ್ತಲ್ಲ."

"ನೀವೆಲ್ಲ ಡಿಸೈಡ್ ಮಾಡಿದ್ರಿ."

"ಯಾರಿಗೆ ಗೊತ್ತಾಗುತ್ತೆ ಲಾ? ಆಫೀಸ್ ಜನ, ಎಂಆರ್‌ಟಿ ರೈಲಿಂದ ಇಳಿದು ಓಡ್ತಾ ಇರ್ತಾರೆ. ಯಾರೂ ಗುಡ್ಡ ಅಳೆಯಲ್ಲ."

"ಅಳೆಯೋದು ಬೇಡ. ನೋಡಿದ್ರೆ ಸಾಕು. ಬೆನ್ನ ಹಿಂದೆ ದಾರಿ ಇದ್ದೂ ಕೋಟೆಗೆ ಹೋಗಿ ಬಡಿದಾಡಿದ್ರು ಅಂದ್ರೆ ಆ ಗಣಿಯವರು ಪುಂಡರು, ದುರಾಸೆಯವರು. ದಾರಿನೇ ಇಲ್ಲ ಅಂದ್ರೆ ಅದು ಬೇರೆ ಕಥೆ. ನನ್ನ ಮೇಜಿನ ಕಾಲಿಗೆ ಸಿಕ್ಕಿಸಿದ ಚೂರಿಂದ ಅಷ್ಟು ಜನ ಪುಂಡರಾಗಬೇಕಾ?"

"ಮಾದರಿ ಅಷ್ಟೇ ಆಂಟಿ ಇದು."

"ಹಂಗಾದ್ರೆ ಗುಡ್ಡ ಯಾಕೆ, ಇಡ್ಲಿ ಇಟ್ಟು ಕಳಿಸು."

ಸಿದ್ಧಾಂತ್‌ಗೆ ನಗು ಬಂದುಬಿಡುತ್ತದೆ. ಕಷ್ಟಪಟ್ಟು ತಡೆದುಕೊಂಡು, ಫೋನ್ ಹಿಡಿದು ಕಾರಿಡಾರಿಗೆ ಹೋಗುತ್ತಾರೆ. ರೋಹಿಣಿ ಅತ್ತ ನೋಡುವುದಿಲ್ಲ. ಮೇಜಿನಡಿಯಿಂದ ತೆಗೆದ ಹಾಳೆ ಮಡಚಿ ಹಾಳಾಗಿದೆ. ಹೊಸದನ್ನು ಕತ್ತರಿಸಿ, ಅಂಟು ಬಳಿದು, ಎರಡೂ ಹೆಬ್ಬೆರಳಿನಿಂದ ಒತ್ತಿ ಹಿಡಿಯುತ್ತಾರೆ. ಮೇಜು ಈಗ ಮತ್ತೆ ಅಲುಗಾಡುತ್ತಿದೆ, ಮೊಣಕಾಲಿನಿಂದ ಅದನ್ನು ತಡೆದಿದ್ದಾರೆ.

ಸಿದ್ಧಾಂತ್ ವಾಪಸ್ ಬಂದಾಗ ದನಿ ಇಳಿದಿರುತ್ತದೆ. ಪೆಟ್ಟಿಗೆ ಇಲ್ಲದೆ, ಸುತ್ತ ಹಗ್ಗ ಕಟ್ಟಿ ತೆರೆಯಲು ಪ್ರದರ್ಶನದವರು ಒಪ್ಪಿದ್ದಾರೆ. ಆದರೆ ಹೊಸ ಪೆಟ್ಟಿಗೆ ಬರುವವರೆಗೆ ದಿನವಿಡೀ ಯಾರಾದರೂ ಪಕ್ಕದಲ್ಲಿ ನಿಂತು ಕಾಯಬೇಕು.

"ನಾನು ನಿಲ್ತೀನಿ," ಎನ್ನುತ್ತಾರೆ ರೋಹಿಣಿ.

"ಬಾಸ್ ಖುಷಿಯಾಗಿಲ್ಲ ಆಂಟಿ. ನಿಮ್ಮ ರಿನ್ಯೂವಲ್ ಬಗ್ಗೆ ಇವತ್ತು ನನ್ನ ಏನೂ ಕೇಳಬೇಡಿ."

"ನಾನೆಲ್ಲಿ ಕೇಳಿದೆ?"

ಗುರುವಾರ ಬೆಳಿಗ್ಗೆ ನಾನು ಮತ್ತೆ ಹೋದಾಗ ಪ್ಲಾಸ್ಟರ್ ಒಣಗಿದೆ, ಬಣ್ಣ ಇನ್ನೂ ಹಚ್ಚಿಲ್ಲ. ಹಸಿರಿನ ನಡುವೆ ನೆತ್ತಿ ಬಿಳಿಯಾಗಿ ಎದ್ದು ಕಾಣುತ್ತಿದೆ. ಒಪ್ಪಂದದ ವಿಷಯ ಏನಾಯಿತೆಂದು ಕೇಳಲು ನನಗೆ ಹಿಂಜರಿಕೆ. ಕೊನೆಗೆ ಕೇಳುತ್ತೇನೆ. ಇನ್ನೂ ಯಾರೂ ಏನೂ ಹೇಳಿಲ್ಲ. ಆಸೆ ಏನಾದರೂ ಇದೆಯೇ ಎಂದರೆ, "ನಿಲ್ಲೋ ಜಾಗದಲ್ಲಿ ಒಂದು ಸ್ಟೂಲ್ ಕೊಟ್ರೆ ಕೂತ್ಕೊಂಡೇ ಕಾಯ್ತಿದ್ದೆ" ಎನ್ನುತ್ತಾರೆ.

ಸಾಸಿವೆ ಡಬ್ಬಿಯನ್ನು ಅವರು ಸಿದ್ಧಾಂತ್ ಕೈಗೆ ಕೊಡುತ್ತಾರೆ. ಸಿದ್ಧಾಂತ್ ನೆತ್ತಿಯ ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ಸುರಿಯುತ್ತಾರೆ. ಕಾಳು ಸರಸರ ಎರಡೂ ಕಡೆ ಉರುಳುತ್ತದೆ. ಈಚೆ ಬಿದ್ದದ್ದೆಲ್ಲ ಗಣಿಗಾರರ ಊರು ದಾಟಿ, ನದಿಗೆ ಇಳಿದು, ಕೋಟೆಯ ಮುಂದೆ ಹೋಗಿ ಸೇರುತ್ತದೆ. ಬಿಳಿ ನೆತ್ತಿಯ ಮೇಲೆ ಒಂದು ಕಾಳೂ ನಿಲ್ಲುವುದಿಲ್ಲ.

ಸಿದ್ಧಾಂತ್ ಬಗ್ಗಿ ನೋಡುತ್ತಾರೆ. "ಪಾಪ. ಹಿಂದೆ ಹೋಗೋಕೆ ಎಲ್ಲೂ ಜಾಗ ಇರಲಿಲ್ಲ ಅಲ್ವಾ ಆಂಟಿ?"

"ಪಾಪ ಅನ್ನಬೇಡ," ಎನ್ನುತ್ತಾರೆ ರೋಹಿಣಿ, ಬ್ರಷ್ಷನ್ನು ಹಸಿರು ಬಣ್ಣದಲ್ಲಿ ಅದ್ದುತ್ತಾ. "ಮುಂದೆ ಹೋದ್ರಲ್ಲ."